ಹಳೆಯ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

‘ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ’ ಎಂಬ ಒಂದೇ ದೂರಿನಿಂದ ಏನೂ ತಿಳಿಯುವುದಿಲ್ಲ. ದೀಪವೇ ಹೊತ್ತದ ಯಂತ್ರಕ್ಕೂ, ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿರುವ ಯಂತ್ರಕ್ಕೂ, ಕಂಪನಿಯ ಲೋಗೋ ತೋರಿಸಿ ಅಲ್ಲೇ ಕೂತುಬಿಡುವ ಯಂತ್ರಕ್ಕೂ ಜನ ಹೇಳುವುದು ಇದೇ ಮಾತು. ಮೂರರ ಕಾಯಿಲೆಯೂ ಬೇರೆ, ಮದ್ದೂ ಬೇರೆ.

ಬಟನ್ ಒತ್ತಿದಾಗ ಒಳಗೆ ಒಂದರ ಹಿಂದೊಂದು ಕೆಲಸ ನಡೆಯುತ್ತದೆ. ಚಾರ್ಜರಿನಿಂದಲೋ ಬ್ಯಾಟರಿಯಿಂದಲೋ ವಿದ್ಯುತ್ತು ಮದರ್‌ಬೋರ್ಡಿಗೆ ಬರಬೇಕು. ಬಟನ್ ಒತ್ತಿದ್ದು ಬೋರ್ಡಿಗೆ ತಿಳಿಯಬೇಕು. ಪ್ರೊಸೆಸರ್ ಎದ್ದು ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಬೋರ್ಡಿನ ಚಿಪ್ಪಿನಲ್ಲೇ ಇರುವ ಪುಟ್ಟ ಪ್ರೋಗ್ರಾಂ) ಓದಬೇಕು, ಆ ಬಯಾಸ್ ರ‍್ಯಾಮ್ ಮತ್ತು ಗ್ರಾಫಿಕ್ಸ್ ಪರೀಕ್ಷಿಸಬೇಕು, ಪರದೆಗೆ ಚಿತ್ರ ಹೋಗಬೇಕು, ಆಮೇಲೆ ಡಿಸ್ಕಿನಿಂದ ವಿಂಡೋಸ್ ಅಥವಾ ಲಿನಕ್ಸ್ ಬರಬೇಕು. ಸರಪಳಿಯ ಯಾವ ಕೊಂಡಿ ಕಳಚಿದೆ ಎಂಬುದನ್ನು ಕಣ್ಣು ಕಿವಿಗಳೇ ಮುಕ್ಕಾಲು ಪಾಲು ಹೇಳಿಬಿಡುತ್ತವೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ, ಬಟನ್ ಒತ್ತಿ ಅರ್ಧ ನಿಮಿಷ ಸುಮ್ಮನೆ ಗಮನಿಸಿ. ದೀಪ ಹೊತ್ತಿತೇ? ಫ್ಯಾನಿನ ಗಾಳಿ ಬಂತೇ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಬದಲಾಗುತ್ತದೆಯೇ? ಬೀಪ್ ಕೇಳಿಸಿತೇ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೆಳಗಿನ ಭಾಗಗಳಲ್ಲಿ ನಿಮಗೆ ಹೊಂದುವುದಕ್ಕೆ ಹೋಗಿ.

ಇಡೀ ಕೆಲಸಕ್ಕೆ ಒಂದೇ ಶಿಸ್ತು ಬೇಕು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆನ್ ಮಾಡಿ ನೋಡಿ. ರ‍್ಯಾಮ್ ತೆಗೆದು, ಬೋರ್ಡಿನ ಗುಂಡಿ ಸೆಲ್ ಬದಲಿಸಿ, ಬಯಾಸ್ ಸೆಟ್ಟಿಂಗ್ ಕೆದಕಿ, ಎಲ್ಲ ಒಟ್ಟಿಗೆ ಮಾಡಿದರೆ ಯಂತ್ರ ಎದ್ದರೂ ಯಾಕೆ ಎದ್ದಿತು ಎಂದು ಗೊತ್ತಾಗುವುದಿಲ್ಲ. ವಾರದೊಳಗೆ ಮತ್ತೆ ಅದೇ ಹಾಡು.

ಆನ್ ಮಾಡಲೇಬಾರದ ಸಂದರ್ಭಗಳು

ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆ, ಕೀಬೋರ್ಡ್ ನಡುವೆ ಉಬ್ಬಿದೆ, ಕೆಳಗಿನ ಕವಚ ಬಾಯಿ ಬಿಟ್ಟಿದೆ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರೆ ಓಲಾಡುತ್ತದೆ ಎಂದಾದರೆ ಬ್ಯಾಟರಿ ಊದಿಕೊಂಡಿದೆ. ಚಾರ್ಜರ್ ಕಿತ್ತುಬಿಡಿ. ಊದಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಬಾರದು. ಒಳಗಿನ ಪದರಗಳು ಒಂದಕ್ಕೊಂದು ತಗುಲಿದರೆ ಹೊತ್ತಿಕೊಳ್ಳುತ್ತದೆ. ಹೊರಗಿನಿಂದ ಕಳಚುವ ಬ್ಯಾಟರಿ ಸಲೀಸಾಗಿ ಬಂದರೆ ತೆಗೆದು, ಸುಡುವ ವಸ್ತುಗಳಿಂದ ದೂರ ಇಡಿ. ಸಿಕ್ಕಿಹಾಕಿಕೊಂಡಿದ್ದರೆ ಮೀಟಿ ತೆಗೆಯುವ ಸಾಹಸ ಬೇಡ, ರಿಪೇರಿ ಬಲ್ಲವರಿಗೆ ಬಿಡಿ. ಮನೆಯ ಕಸದ ಜೊತೆಗೂ ಎಸೆಯಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.

ನೀರು, ಚಹಾ, ಕಾಫಿ ಚೆಲ್ಲಿದ್ದರೂ ಇದೇ ಮಾತು. ‘ಆನ್ ಆಗುತ್ತದೋ ನೋಡೋಣ’ ಎಂಬ ಕುತೂಹಲವೇ ಬೋರ್ಡನ್ನು ಸುಡುತ್ತದೆ. ಚಾರ್ಜರ್ ಮತ್ತು ಬ್ಯಾಟರಿ ಕಳಚಿ, ಯಂತ್ರವನ್ನು ಗುಡಾರದಂತೆ ತೆರೆದು ಕೀಬೋರ್ಡ್ ಕೆಳಮುಖವಾಗುವಂತೆ ನಿಲ್ಲಿಸಿ. ಅಕ್ಕಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ, ನುಚ್ಚು ಮತ್ತು ಧೂಳು ಕಿಂಡಿಗಳಿಗೆ ಸೇರುತ್ತವೆ ಅಷ್ಟೇ. ಸಕ್ಕರೆ ಹಾಕಿದ ಪಾನೀಯವಾದರೆ ಒಣಗಿಸಿದರೂ ಸಾಲದು. ಒಳಗೆ ಉಳಿದ ಅಂಟು ತಾಮ್ರದ ಗೆರೆಗಳನ್ನು ನಿಧಾನವಾಗಿ ತಿನ್ನುತ್ತದೆ. ಬೋರ್ಡನ್ನು ಹೊರತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಬೇಕು.

ಸುಟ್ಟ ವಾಸನೆ, ಹೊಗೆ, ಚಾರ್ಜರ್ ಹಾಕಿದಾಗ ಕಿಡಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಚಾರ್ಜರಿನ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು; ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ದೀಪವೂ ಇಲ್ಲ, ಸದ್ದೂ ಇಲ್ಲ

ಬಟನ್ ಒತ್ತಿದರೆ ತುಟಿಪಿಟಿಕ್ಕೆನ್ನದ ಯಂತ್ರ. ನೋಡಿದರೆ ಗಾಬರಿಯಾಗುತ್ತದೆ, ಆದರೆ ಸುಲಭಕ್ಕೆ ಸರಿಯಾಗುವ ಕಾರಣಗಳು ಅತಿ ಹೆಚ್ಚು ಇರುವುದು ಇಲ್ಲೇ.

ಮೊದಲು ಪ್ಲಗ್ ಪಾಯಿಂಟಿಗೆ ಬೇರೇನಾದರೂ ಹಾಕಿ ನೋಡಿ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆಗೆ ಚುಚ್ಚಿ. ಗೋಡೆಯಿಂದ ಚಾರ್ಜರಿನ ಡಬ್ಬಿಯವರೆಗಿನ ವೈರು ಬಿಚ್ಚಿ ಬರುವಂಥದ್ದು. ಅಲ್ಲಿ ಸಡಿಲವಾಗಿದೆಯೇ ನೋಡಿ, ಬಲವಾಗಿ ಒತ್ತಿ ಕೂರಿಸಿ. ಚಾರ್ಜರಿನ ಮೇಲೆ ದೀಪವಿದ್ದರೆ ಅದು ಹೊತ್ತಬೇಕು. ಹಳೆಯ ಚಾರ್ಜರಿನ ವೈರು ಹೆಚ್ಚಾಗಿ ಕಡಿಯುವುದು ಎರಡು ಕಡೆ, ಡಬ್ಬಿಯಿಂದ ಹೊರಬರುವಲ್ಲಿ ಮತ್ತು ಲ್ಯಾಪ್‌ಟಾಪಿಗೆ ಚುಚ್ಚುವ ಪಿನ್ನಿನ ಕುತ್ತಿಗೆಯಲ್ಲಿ. ಚಾರ್ಜಿಂಗ್ ದೀಪವನ್ನು ನೋಡುತ್ತಾ ಆ ಜಾಗದಲ್ಲಿ ವೈರನ್ನು ಮೆಲ್ಲಗೆ ಬಾಗಿಸಿ. ದೀಪ ಮಿನುಗಿದರೆ ಒಳಗೆ ತಂತಿ ತುಂಡಾಗಿದೆ. ಟೇಪ್ ಸುತ್ತಿ ಬಳಸುವುದನ್ನು ಮುಂದುವರಿಸಬೇಡಿ. ಅಲ್ಲಿ ಬಿಸಿಯಾಗಿ ಕರಗುತ್ತದೆ.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಊಹೆಯೇ ಬೇಡ. ಡಿಸಿ ವೋಲ್ಟೇಜಿನಲ್ಲಿ 20ಕ್ಕಿಂತ ಮೇಲಿನ ರೇಂಜಿಗೆ, ಸಾಮಾನ್ಯ ಮೀಟರಿನಲ್ಲಿ 200ಕ್ಕೆ, ತಿರುಗಿಸಿ. ಮೀಟರಿನ ಕೆಂಪು ಕಡ್ಡಿ ದುಂಡು ಪಿನ್ನಿನ ಒಳಗೋಡೆಗೆ, ಕಪ್ಪು ಕಡ್ಡಿ ಹೊರಗೋಡೆಗೆ. ಚಾರ್ಜರಿನ ಚೀಟಿಯಲ್ಲಿ ‘ಔಟ್‌ಪುಟ್’ ಎದುರು ಬರೆದ ವೋಲ್ಟೇಜ್, ಸಾಮಾನ್ಯವಾಗಿ 19, 19.5 ಅಥವಾ 20, ಹೆಚ್ಚುಕಡಿಮೆ ಅಷ್ಟೇ ಬರಬೇಕು. ಸೊನ್ನೆ ಬಂದರೆ, 12-13 ಬಂದರೆ, ಅಥವಾ ಅಂಕಿ ಕುಣಿಯುತ್ತಿದ್ದರೆ ಚಾರ್ಜರ್ ಸತ್ತಿದೆ. ಒಂದು ಎಚ್ಚರಿಕೆ: ಡೆಲ್, ಎಚ್‌ಪಿ ಮಾದರಿಗಳಲ್ಲಿ ಪಿನ್ನಿನ ನಟ್ಟನಡುವೆ ಸೂಜಿಯಂಥ ಕಡ್ಡಿ ಇರುತ್ತದೆ. ಅದು ವಿದ್ಯುತ್ತಿಗಲ್ಲ, ‘ನಾನು ಇಷ್ಟು ವಾಟಿನ ಚಾರ್ಜರ್’ ಎಂದು ಲ್ಯಾಪ್‌ಟಾಪಿಗೆ ಗುರುತು ಹೇಳುವುದಕ್ಕೆ. ಅದಕ್ಕೆ ಮೀಟರಿನ ಕಡ್ಡಿ ಮುಟ್ಟಿಸಿ 19 ಬರಲಿಲ್ಲವೆಂದು ಚಾರ್ಜರ್ ಎಸೆಯಬೇಡಿ. ಆ ಸೂಜಿ ಬಾಗಿದರೆ ಅಥವಾ ಮುರಿದರೆ ಯಂತ್ರ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ.

ಮೀಟರಿನಲ್ಲಿ ಸರಿಯಾಗಿ 19 ತೋರಿಸಿದರೂ ಚಾರ್ಜರ್ ಪೂರ್ತಿ ನಿರಪರಾಧಿಯಲ್ಲ. ಮುದಿಯಾದ ಚಾರ್ಜರ್ ಹೊರೆ ಇಲ್ಲದಾಗ ಸರಿಯಾಗಿದ್ದು, ಲ್ಯಾಪ್‌ಟಾಪ್ ಎಳೆಯತೊಡಗಿದ ಕೂಡಲೇ ಕುಸಿಯುತ್ತದೆ. ಹಾಗಾಗಿ ಕೊನೆಯ ತೀರ್ಪು ಅದೇ ಬಗೆಯ ಇನ್ನೊಂದು ಚಾರ್ಜರಿನಿಂದಲೇ. ಎರವಲು ತರುವಾಗ ವೋಲ್ಟೇಜ್ ಒಂದೇ ಆಗಿರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. 90 ವಾಟ್ ಕೇಳುವ ಯಂತ್ರಕ್ಕೆ 45 ವಾಟಿನದನ್ನು ಹಾಕಿ ‘ಇದರಲ್ಲೂ ಆಗಲಿಲ್ಲ’ ಎಂದರೆ ಅದು ಪರೀಕ್ಷೆಯಲ್ಲ. ಟೈಪ್-ಸಿ ಚಾರ್ಜರಿನ ಕತೆ ಬೇರೆ. ಎದುರಿಗಿರುವ ಯಂತ್ರದೊಂದಿಗೆ ಮಾತುಕತೆ ನಡೆದ ಮೇಲಷ್ಟೇ ಅದು 20 ವೋಲ್ಟಿಗೆ ಏರುತ್ತದೆ, ಆದ್ದರಿಂದ ಬಿಡಿಯಾಗಿ ಮೀಟರಿನಿಂದ ಅಳೆಯಲಾಗುವುದಿಲ್ಲ. ಬರೀ 5 ವೋಲ್ಟ್ ಕೊಡುವ ಮೊಬೈಲ್ ಚಾರ್ಜರಿನಿಂದ ಲ್ಯಾಪ್‌ಟಾಪ್ ಏಳುವುದಿಲ್ಲ.

ಚಾರ್ಜರ್ ಸರಿಯಿದ್ದರೆ ಮುಂದಿನದು ಉಳಿಕೆ ಚಾರ್ಜ್ ಹೊರಹಾಕುವುದು. ಚಾರ್ಜರ್ ಕೀಳಿ, ಬ್ಯಾಟರಿ ಕಳಚಿ, ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಬ್ಯಾಟರಿ ಇಲ್ಲದೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಕೇಳಲು ಮಾಟಮಂತ್ರದಂತಿದೆ, ಆದರೆ ಕಾರಣ ಸರಳ: ಬೋರ್ಡಿನ ಮೇಲೆ ಪವರ್ ನೋಡಿಕೊಳ್ಳುವ ಪುಟ್ಟ ಕಂಟ್ರೋಲರ್ ಚಿಪ್ ಒಂದಿದೆ, ಲ್ಯಾಪ್‌ಟಾಪ್ ಆಫ್ ಇದ್ದಾಗಲೂ ಅದು ಎಚ್ಚರವಾಗಿರುತ್ತದೆ. ಅದು ಎಲ್ಲೋ ಸಿಕ್ಕಿಕೊಂಡರೆ ಬಟನ್ ಒತ್ತಿದ್ದನ್ನೇ ಗಮನಿಸುವುದಿಲ್ಲ. ವಿದ್ಯುತ್ತು ಪೂರ್ತಿ ಹೋದರೆ ಹೊಸದಾಗಿ ಶುರುವಾಗುತ್ತದೆ. ಬ್ಯಾಟರಿ ಒಳಗೇ ಇರುವ ಕೆಲವು ಮಾದರಿಗಳ ಬೆನ್ನಿನಲ್ಲಿ ಸೂಜಿ ತೂರುವಷ್ಟು ರೀಸೆಟ್ ರಂಧ್ರವಿರುತ್ತದೆ. ಚಾರ್ಜರ್ ಕಿತ್ತು, ಪೇಪರ್ ಕ್ಲಿಪ್ಪಿನ ತುದಿಯಿಂದ ಕೆಲವು ಸೆಕೆಂಡ್ ಒತ್ತಿ. ಆದರೆ ಅದು ರೀಸೆಟ್ ರಂಧ್ರವೇ, ಮೈಕಿನ ಕಿಂಡಿಯೇ ಎಂದು ಪಕ್ಕದ ಗುರುತು ನೋಡಿಕೊಳ್ಳಿ.

ಬ್ಯಾಟರಿ ತೆಗೆದಾಗ ಎದ್ದು, ಹಾಕಿದಾಗ ಸತ್ತರೆ ದೋಷ ಬ್ಯಾಟರಿಯದು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಯಂತ್ರವಾದರೆ ಚಾರ್ಜರ್ ಹಾಕಿ ಒಂದು ಗಂಟೆ ಬಿಡಿ, ನಡುನಡುವೆ ಬ್ಯಾಟರಿ ಬಿಸಿಯಾಗುತ್ತಿದೆಯೇ ಎಂದು ಮುಟ್ಟಿ ನೋಡುತ್ತಿರಿ. ಪೂರ್ತಿ ಬರಿದಾದ ಬ್ಯಾಟರಿ ಇರುವಾಗ ಕೆಲವು ಯಂತ್ರಗಳು ಸ್ವಲ್ಪ ಚಾರ್ಜ್ ಸೇರುವವರೆಗೆ ಏಳುವುದೇ ಇಲ್ಲ.

ಚಾರ್ಜಿಂಗ್ ದೀಪ ಹೊತ್ತಿದೆ, ಬಟನ್ ಒತ್ತಿದರೆ ಮಾತ್ರ ಏನೂ ಇಲ್ಲ ಎಂದಾದರೆ ಅನುಮಾನ ಬಟನ್ ಮೇಲೆ. ಹಳೆಯ ಯಂತ್ರಗಳಲ್ಲಿ ಬಟನ್ನಿನಿಂದ ಬೋರ್ಡಿಗೆ ಚಪ್ಪಟೆ ರಿಬ್ಬನ್ ಕೇಬಲ್ ಹೋಗುತ್ತದೆ. ಅದು ಸರಿದಿರಬಹುದು, ಬಟನ್ ಒಳಗೆ ಕುಸಿದಿರಬಹುದು. ಒತ್ತಿದಾಗ ‘ಟಿಕ್’ ಎಂಬ ಸ್ಪರ್ಶ ಸಿಗದಿದ್ದರೆ ಅದೇ ಸುಳಿವು. ಪವರ್ ಬಟನ್ ಕೀಬೋರ್ಡಿನಲ್ಲೇ ಸೇರಿರುವ ಮಾದರಿಗಳಲ್ಲಿ ಕೀಬೋರ್ಡ್ ಕೆಟ್ಟರೆ ಯಂತ್ರವೂ ಏಳದು.

ಚಾರ್ಜರ್ ಚುಚ್ಚಿದ ಕೂಡಲೇ ಚಾರ್ಜರಿನ ದೀಪವೇ ಆರುತ್ತದೆ

ಗೋಡೆಗೆ ಹಾಕಿದಾಗ ಚಾರ್ಜರಿನ ದೀಪ ಹೊತ್ತಿರುತ್ತದೆ, ಲ್ಯಾಪ್‌ಟಾಪಿಗೆ ಚುಚ್ಚಿದರೆ ಆರುತ್ತದೆ, ಕಿತ್ತರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೊತ್ತುತ್ತದೆ. ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಸಿಗುವುದು ಕಷ್ಟ: ಒಳಗೆ ಶಾರ್ಟ್ ಆಗಿದೆ, ಚಾರ್ಜರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಚಾರ್ಜಿಂಗ್ ಜ್ಯಾಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಡುವಿನ ಪಿನ್ ಬಾಗಿ ಗೋಡೆಗೆ ತಗುಲಿದ್ದರೆ ಜ್ಯಾಕ್ ಬದಲಿಸಿದರೆ ಸಾಕು. ಜ್ಯಾಕ್ ನೆಟ್ಟಗಿದ್ದರೆ ಬೋರ್ಡಿನ ಮೇಲೆ ಯಾವುದೋ ಕೆಪಾಸಿಟರ್ ಅಥವಾ ಮಾಸ್‌ಫೆಟ್ (ವಿದ್ಯುತ್ತಿನ ಪುಟ್ಟ ಸ್ವಿಚ್ಚು) ಸುಟ್ಟಿದೆ. ಮತ್ತೆ ಮತ್ತೆ ಚುಚ್ಚಿ ನೋಡುವುದರಿಂದ ಹಾನಿ ಹರಡುತ್ತದೆ. ಇದು ಬೋರ್ಡ್ ಮಟ್ಟದ ಕೆಲಸ, ಮನೆಯದಲ್ಲ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಇಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ಯಂತ್ರ ಎದ್ದಿದ್ದು ಪರದೆ ಮಾತ್ರ ಕಾಣುತ್ತಿಲ್ಲವೋ, ಯಂತ್ರವೇ ಎದ್ದಿಲ್ಲವೋ? ಒಂದು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹೊತ್ತಿ ಆರಿದರೆ ಒಳಗೆ ಎಲ್ಲ ನಡೆಯುತ್ತಿದೆ, ದೋಷ ಪರದೆಯ ಕಡೆಯದು.

ಪರದೆಯ ಕಡೆಯದಾದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಂಕಾಗಿ ಚಿತ್ರ ಕಂಡರೆ ಪರದೆ ಸತ್ತಿಲ್ಲ, ಅದರ ಹಿಂದಿನ ಬೆಳಕು ಹೋಗಿದೆ. ಬೆಳಕು ಹೆಚ್ಚಿಸುವ ಕೀ ಒತ್ತಿ ನೋಡುವುದನ್ನು ಮರೆಯಬೇಡಿ. ಬ್ರೈಟ್‌ನೆಸ್ ಸೊನ್ನೆಗೆ ಇಳಿದಿದ್ದೇ ಕಾರಣವಾಗಿರುವುದೂ ಉಂಟು. ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡುವಾಗ ಚಿತ್ರ ಬಂದು ಹೋದರೆ ಕೀಲಿನ ಮೂಲಕ ಹಾಯುವ ಡಿಸ್‌ಪ್ಲೇ ಕೇಬಲ್ ಸವೆದಿದೆ. ಏನೂ ಕಾಣದಿದ್ದರೆ ಹೊರಗಿನ ಮಾನಿಟರ್ ಅಥವಾ ಟಿವಿಗೆ ಎಚ್‌ಡಿಎಂಐ ಇಲ್ಲವೇ ವಿಜಿಎ ಕೇಬಲ್ಲಿನಿಂದ ಜೋಡಿಸಿ, ಡಿಸ್‌ಪ್ಲೇ ಬದಲಿಸುವ ಕೀ ಒತ್ತಿ. ಅಲ್ಲಿ ಚಿತ್ರ ಬಂದರೆ ನಿಮ್ಮ ಫೈಲುಗಳೂ ಬೋರ್ಡೂ ಕ್ಷೇಮ. ಹೊರಗಿನ ಪರದೆಯಲ್ಲೇ ಕೆಲಸ ಮುಂದುವರಿಸಬಹುದು. ಹಲವು ಡೆಲ್ ಮಾದರಿಗಳಲ್ಲಿ ಡಿ ಕೀ ಹಿಡಿದುಕೊಂಡು ಪವರ್ ಒತ್ತಿದರೆ ಪರದೆ ತಾನೇ ಬಣ್ಣಗಳನ್ನು ಸರದಿಯಲ್ಲಿ ತೋರಿಸುತ್ತದೆ. ಬಣ್ಣ ಬಂದರೆ ಪರದೆ ಚೆನ್ನಾಗಿದೆ ಎಂದರ್ಥ.

ಎಲ್‌ಇಡಿ ಬರುವುದಕ್ಕೂ ಹಿಂದಿನ, ಟ್ಯೂಬಿನಂಥ ದೀಪ ಬಳಸುವ ಪರದೆಗಳಲ್ಲಿ ಕೆಳಗೆ ಇನ್ವರ್ಟರ್ ಎಂಬ ಉದ್ದನೆಯ ಪುಟ್ಟ ಬೋರ್ಡ್ ಇರುತ್ತದೆ. ಅದು ನೂರಾರು ವೋಲ್ಟ್ ಹುಟ್ಟಿಸುತ್ತದೆ. ಆನ್ ಇರುವಾಗ ಅಲ್ಲಿ ಕೈಯಿಡಬೇಡಿ.

ಕ್ಯಾಪ್ಸ್ ಲಾಕ್ ಸ್ಪಂದಿಸದೆ, ಹೊರಗಿನ ಮಾನಿಟರಿನಲ್ಲೂ ಏನೂ ಬಾರದಿದ್ದರೆ ರ‍್ಯಾಮ್ ಕಡೆ ತಿರುಗಿ. ಹಳೆಯ ಯಂತ್ರದ ಕಪ್ಪು ಪರದೆಗೆ ಮೊದಲ ಆರೋಪಿ ಅದೇ. ವರ್ಷಗಟ್ಟಲೆ ಬಿಸಿ ತಣ್ಣಗಾಗುವಾಗ ಅದು ಸ್ಲಾಟಿನಲ್ಲಿ ಕೂದಲೆಳೆಯಷ್ಟು ಸರಿಯುತ್ತದೆ, ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಸಿ ಕೂರುತ್ತದೆ. ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚಿ, ಬಟನ್ ಒಮ್ಮೆ ಒತ್ತಿ ಹಿಡಿದು ಉಳಿಕೆ ಚಾರ್ಜ್ ಖಾಲಿ ಮಾಡಿ. ಬಣ್ಣ ಬಳಿಯದ ಯಾವುದಾದರೂ ಲೋಹದ ವಸ್ತುವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ. ಕೆಳಗಿನ ಮುಚ್ಚಳ ತೆಗೆದು, ರ‍್ಯಾಮಿನ ಎರಡೂ ಬದಿಯ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿದರೆ ಅದು ತಾನಾಗಿ ಓರೆಯಾಗಿ ಏಳುತ್ತದೆ. ಪಟ್ಟಿಗಳನ್ನು ಬಿಳಿ ರಬ್ಬರಿನಿಂದ ಮೃದುವಾಗಿ ಉಜ್ಜಿ, ರಬ್ಬರಿನ ಪುಡಿಯನ್ನು ಬ್ರಷ್ಷಿನಿಂದ ಒರೆಸಿ. ಮತ್ತೆ ಹಾಕುವಾಗ ಓರೆಯಾಗಿ ಪೂರ್ತಿ ಒಳಕ್ಕೆ ತಳ್ಳಿ, ಕೆಳಕ್ಕೆ ಒತ್ತಿದರೆ ಎರಡೂ ಕ್ಲಿಪ್ ‘ಟಕ್’ ಎನ್ನಬೇಕು. ಚಿನ್ನದ ಗೆರೆ ಹೊರಗೆ ಹೆಚ್ಚು ಕಾಣುತ್ತಿದ್ದರೆ ಪೂರ್ತಿ ಕೂತಿಲ್ಲ.

ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದು ಇನ್ನೊಂದರಲ್ಲಿ ಮಾತ್ರ ಪ್ರಯತ್ನಿಸಿ, ಆಮೇಲೆ ಅದಲು ಬದಲು ಮಾಡಿ, ಆಮೇಲೆ ಸ್ಲಾಟ್ ಬದಲಿಸಿ. ನಾಲ್ಕು ಜೋಡಣೆಗಳಲ್ಲಿ ರ‍್ಯಾಮ್ ಕೆಟ್ಟಿದೆಯೋ ಸ್ಲಾಟ್ ಕೆಟ್ಟಿದೆಯೋ ತೀರ್ಮಾನವಾಗುತ್ತದೆ. ರ‍್ಯಾಮ್ ಬದಲಾದ ಮೇಲೆ ಮೊದಲ ಸಲ ಕೆಲವು ಯಂತ್ರಗಳು ಒಂದೆರಡು ನಿಮಿಷ ಕಪ್ಪಾಗಿಯೇ ಇರುತ್ತವೆ, ಅವಸರಪಟ್ಟು ಆಫ್ ಮಾಡಬೇಡಿ. ಇತ್ತೀಚೆಗೆ ಹೊಸ ರ‍್ಯಾಮ್ ಹಾಕಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಚೀಟಿ ಓದಿ. ‘ಪಿಸಿ3’ ಎಂದಿದ್ದರೆ 1.5 ವೋಲ್ಟಿನದು, ‘ಪಿಸಿ3ಎಲ್’ ಎಂದಿದ್ದರೆ 1.35 ವೋಲ್ಟಿನದು. 4ನೇ ತಲೆಮಾರಿನ ಇಂಟೆಲ್ ಕೋರ್ ಪ್ರೊಸೆಸರಿನ ಬಹಳಷ್ಟು ಲ್ಯಾಪ್‌ಟಾಪುಗಳಿಗೆ ಎರಡನೆಯದೇ ಬೇಕು. ಆಕಾರ ಒಂದೇ, ಸ್ಲಾಟಿನಲ್ಲಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ.

ಇಷ್ಟಕ್ಕೂ ಆಗದಿದ್ದರೆ ಯಂತ್ರವನ್ನು ಕನಿಷ್ಠಕ್ಕೆ ಇಳಿಸಿ. ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್, ವೈಫೈ ಕಾರ್ಡ್, ಬ್ಯಾಟರಿ ಎಲ್ಲ ಕಳಚಿ, ಒಂದೇ ರ‍್ಯಾಮ್ ಮತ್ತು ಚಾರ್ಜರ್ ಇಟ್ಟುಕೊಂಡು ಆನ್ ಮಾಡಿ. ಲೋಗೋ ಬಂದರೆ ಕಳಚಿದವುಗಳಲ್ಲಿ ಒಂದು ಕಳ್ಳ. ಒಂದೊಂದಾಗಿ ಮರಳಿ ಹಾಕುತ್ತಾ ಹೋದರೆ ಸಿಕ್ಕಿಬೀಳುತ್ತದೆ. ಲೋಗೋ ಬಾರದಿದ್ದರೆ ಉಳಿದದ್ದು ಬಯಾಸ್ ಚಿಪ್, ಗ್ರಾಫಿಕ್ಸ್ ಅಥವಾ ಬೋರ್ಡ್. ಬಯಾಸ್ ಅಪ್‌ಡೇಟ್ ನಡುವೆ ಕರೆಂಟು ಹೋಗಿ ಹೀಗಾಗಿದ್ದರೆ ಒಂದು ಆಸೆ ಇದೆ: ಹಲವು ಎಚ್‌ಪಿ ಯಂತ್ರಗಳಲ್ಲಿ ವಿಂಡೋಸ್ ಕೀ ಮತ್ತು ಬಿ ಕೀ ಒಟ್ಟಿಗೆ ಹಿಡಿದು ಪವರ್ ಒತ್ತಿದರೆ ಬಯಾಸ್ ತನ್ನ ಹಳೆಯ ಪ್ರತಿಯನ್ನು ಮರಳಿ ತಂದುಕೊಳ್ಳಲು ಯತ್ನಿಸುತ್ತದೆ.

ಗ್ರಾಫಿಕ್ಸ್ ಚಿಪ್ಪಿನ ವಿಷಯಕ್ಕೆ ಬಂದರೆ, ಎನ್‌ವಿಡಿಯಾದ 8400ಎಂ, 8600ಎಂ ಚಿಪ್‌ಗಳಿದ್ದ ಲ್ಯಾಪ್‌ಟಾಪುಗಳು ಇದೇ ಲಕ್ಷಣ ತೋರಿಸಿ ಸಾಯುತ್ತಿದ್ದವು. ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿಂಗ್ ದುರ್ಬಲವಾಗಿದೆ ಎಂದು 2008ರ ಜುಲೈನಲ್ಲಿ ಕಂಪನಿಯೇ ಹೇಳಿತ್ತು. ಇಂಥ ಬೋರ್ಡನ್ನು ಓವನ್ನಿನಲ್ಲಿಟ್ಟು, ಹಾಟ್ ಏರ್ ಗನ್ನಿನಿಂದ ಕಾಯಿಸಿ ‘ಜೀವ ಬರಿಸುವ’ ವಿಡಿಯೊಗಳು ಬೇಕಾದಷ್ಟಿವೆ. ಬರುವ ಜೀವ ಕೆಲವು ದಿನ ಅಥವಾ ವಾರಗಳದ್ದು. ಆಹಾರ ಬೇಯಿಸುವ ಓವನ್ನಿಗೆ ಬೋರ್ಡ್ ಇಡುವುದು ಆರೋಗ್ಯಕ್ಕೂ ಕೇಡು.

ಬೀಪ್ ಕೇಳಿಸುತ್ತದೆ, ದೀಪ ಎಣಿಸಿದಂತೆ ಮಿನುಗುತ್ತದೆ

ಇದು ಅದೃಷ್ಟ. ಯಂತ್ರವೇ ತನ್ನ ರೋಗ ಹೇಳುತ್ತಿದೆ. ಎಷ್ಟು ಸಲ ಉದ್ದ, ಎಷ್ಟು ಸಲ ಗಿಡ್ಡ, ಯಾವ ಬಣ್ಣ, ನಡುವೆ ಎಷ್ಟು ಬಿಡುವು ಎಂದು ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಎಣಿಸಿ. ಹಲವು ಡೆಲ್ ಮಾದರಿಗಳಲ್ಲಿ 2 ಕಿತ್ತಳೆ ಮತ್ತು 3 ಬಿಳಿ ಮಿನುಗು ಎಂದರೆ ರ‍್ಯಾಮ್ ಪತ್ತೆಯಾಗಿಲ್ಲ. 3 ಕಿತ್ತಳೆ, 1 ಬಿಳಿ ಎಂದರೆ ಬೋರ್ಡಿನ ಗುಂಡಿ ಸೆಲ್ ಮುಗಿದಿದೆ. ಎಚ್‌ಪಿಯಲ್ಲಿ 3 ಉದ್ದ, 2 ಗಿಡ್ಡ ಎಂದರೆ ರ‍್ಯಾಮಿನ ತೊಂದರೆ. ಈ ಭಾಷೆ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಹಾಗಾಗಿ ನಿಮ್ಮದೇ ಮಾದರಿಯ ಸಂಖ್ಯೆ ಕೊಟ್ಟು ಕಂಪನಿಯ ಸರ್ವಿಸ್ ಕೈಪಿಡಿಯಲ್ಲಿ ಹುಡುಕಿ. ಬಿಡದೆ ಒಂದೇ ಸಮನೆ ಚಿಕ್ಕ ಬೀಪ್ ಬರುತ್ತಿದ್ದರೆ ಕೀಬೋರ್ಡಿನಲ್ಲಿ ಯಾವುದೋ ಕೀ ಒತ್ತಿಕೊಂಡೇ ಉಳಿದಿರುವ ಸಾಧ್ಯತೆಯೂ ಇದೆ.

ದಿನಾಂಕ ಹಿಂದೆ ಹೋಗಿದೆ, ಆಮೇಲೆ ಯಂತ್ರ ಬೂಟ್ ಆಗುತ್ತಿಲ್ಲ

ಹಳೆಯ ಲ್ಯಾಪ್‌ಟಾಪಿನ ದೋಷಗಳಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಇದು. ಬೋರ್ಡಿನ ಮೇಲೆ ಗಡಿಯಾರ ಮತ್ತು ಬಯಾಸ್ ಸೆಟ್ಟಿಂಗುಗಳನ್ನು ಉಳಿಸುವ 3 ವೋಲ್ಟಿನ ಗುಂಡಿ ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್2032. ಅದು ಬರಿದಾದರೆ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಹೋಗುತ್ತದೆ, ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬಂಥ ಸಂದೇಶ ಬರುತ್ತದೆ. ಅಷ್ಟಕ್ಕೇ ನಿಂತರೆ ಚಿಂತೆಯಿರಲಿಲ್ಲ. ಹಲವು ಯಂತ್ರಗಳಲ್ಲಿ ಸೆಲ್ ಸತ್ತಾಗ ಬಯಾಸ್ ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತದೆ, ಅದರೊಂದಿಗೆ ಎರಡು ಮುಖ್ಯ ಆಯ್ಕೆಗಳು ಬದಲಾಗಬಹುದು.

ಒಂದು, ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನೊಂದಿಗೆ ಮಾತಾಡುವ ಬಗೆ. ವಿಂಡೋಸ್ ಹಾಕಿದಾಗ ಎಎಚ್‌ಸಿಐ ಇದ್ದದ್ದು ಈಗ ಐಡಿಇ ಅಥವಾ ರೇಡ್ ಆದರೆ, ವಿಂಡೋಸ್ ಅರ್ಧ ಎದ್ದು ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ 7ರಲ್ಲಿ ಕೊನೆಗೆ 7ಬಿ ಇರುವ ಕೋಡ್, ವಿಂಡೋಸ್ 10ರಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಮಾತು. ಎರಡು, ಬೂಟ್ ಮೋಡ್, ಅಂದರೆ ಡಿಸ್ಕಿನಿಂದ ವಿಂಡೋಸನ್ನು ಶುರುಮಾಡುವ ಬಗೆ: ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ಲೆಗಸಿಯಲ್ಲಿ ಹಾಕಿದ ವಿಂಡೋಸನ್ನು ಯುಇಎಫ್‌ಐ ಮೋಡಿನಲ್ಲಿ ಹುಡುಕಿದರೆ ಡಿಸ್ಕ್ ಕಣ್ಣೆದುರೇ ಇದ್ದರೂ ‘ನೋ ಬೂಟಬಲ್ ಡಿವೈಸ್’ ಎನ್ನುತ್ತದೆ. ವಿಂಡೋಸ್ ಹಾಳಾಗಿದೆ ಎಂದು ಫಾರ್ಮ್ಯಾಟ್ ಮಾಡಿಸಿದರೆ ಫೈಲುಗಳು ಹೋದವು. ಮುಂದೆ ಕರೆಂಟು, ಬ್ಯಾಟರಿ ಎರಡೂ ಇಲ್ಲದಾಗ ಮತ್ತೆ ಅದೇ ದೋಷ ಬಂತು. ಬೇಕಿದ್ದದ್ದು ಒಂದು ಸೆಲ್, ಬಯಾಸಿನಲ್ಲಿ ಎರಡು ಬದಲಾವಣೆ.

ಸೆಲ್ ಅಳೆದಾಗ 2.5 ವೋಲ್ಟಿಗಿಂತ ಕಡಿಮೆ ಇದ್ದರೆ ಬದಲಿಸಿ. ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚಾಗಿ ಬಣ್ಣದ ಪ್ಲಾಸ್ಟಿಕ್ ಹೊದಿಕೆಯೊಳಗೆ, ಎರಡು ಪುಟ್ಟ ವೈರುಗಳೊಂದಿಗೆ ಇರುತ್ತದೆ. ಬಿಡಿ ಸೆಲ್ಲಿಗೆ ನೀವೇ ಬೆಸುಗೆ ಹಾಕಲು ಹೋಗಬೇಡಿ, ಬಿಸಿಗೆ ಸಿಡಿಯಬಹುದು. ವೈರಿನೊಂದಿಗೇ ಬರುವುದನ್ನು ತರಿಸಿ. ಸೆಲ್ಲಿನ ಮೇಲೆ ಎಂಎಲ್ ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದು ಮರುಚಾರ್ಜ್ ಆಗುವ ಜಾತಿ, ಆ ಜಾಗಕ್ಕೆ ಸಿಆರ್ ಸೆಲ್ ಹಾಕಬಾರದು. ಬಯಾಸ್ ತೆರೆಯಲು ಆನ್ ಮಾಡಿದ ಕೂಡಲೇ ಎಫ್2 ಒತ್ತುತ್ತಿರಿ. ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡಿನಲ್ಲಿ ಎಫ್1. ಏನನ್ನೂ ಬದಲಿಸುವ ಮುಂಚೆ ಇದ್ದದ್ದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಇರುವ ಯಂತ್ರವಾದರೆ ಈ ಬದಲಾವಣೆಯ ನಂತರ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಮೈಕ್ರೊಸಾಫ್ಟ್ ಖಾತೆಯಲ್ಲಿ ಉಳಿದಿದೆಯೇ ಎಂದು ಬೇರೆ ಸಾಧನದಿಂದ ಮೊದಲೇ ನೋಡಿ. ಕೀ ಇಲ್ಲದೆ ಆ ಫೈಲುಗಳನ್ನು ರಿಪೇರಿಯವರೂ ತೆಗೆಯಲಾರರು.

ಲೋಗೋ ಬರುತ್ತದೆ, ಡಿಸ್ಕ್ ಸಿಗುವುದಿಲ್ಲ

ಯುಎಸ್‌ಬಿಯಲ್ಲಿರುವ ಪೆನ್‌ಡ್ರೈವ್, ಡಾಂಗಲ್, ಮೆಮೊರಿ ಕಾರ್ಡ್ ಎಲ್ಲ ಕಿತ್ತು ನೋಡುವುದು ಮೊದಲ ಹೆಜ್ಜೆ. ಲೋಗೋದಲ್ಲೇ ನಿಲ್ಲುವುದಕ್ಕೆ ಇಂಥದ್ದೊಂದು ಮರೆತುಹೋದ ವಸ್ತುವೇ ಕಾರಣವಾಗಿರಬಹುದು. ಆಮೇಲೆ ಬಯಾಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಂಡರೆ ಬೂಟ್ ಸೆಟ್ಟಿಂಗ್ ಅಥವಾ ವಿಂಡೋಸಿನ ತೊಂದರೆ. ಕಾಣದಿದ್ದರೆ ಡಿಸ್ಕನ್ನು ಹೊರತೆಗೆದು ಮತ್ತೆ ಕೂರಿಸಿ. ಅದರ ಕನೆಕ್ಟರ್ ಸಡಿಲವಾಗುವುದು, ತೆಳು ಕೇಬಲ್ ಹರಿಯುವುದು ಎರಡೂ ಉಂಟು. ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದಾಗ ಸಿಕ್ಕರೆ ಡಿಸ್ಕ್ ಸರಿಯಿದೆ, ಕೇಬಲ್ ಇಲ್ಲವೇ ಬೋರ್ಡಿನ ಪೋರ್ಟ್ ಕೆಟ್ಟಿದೆ.

ಡಿಸ್ಕಿಗೆ ಕಿವಿಗೊಡಿ. ಗಡಿಯಾರದಂತೆ ಟಿಕ್-ಟಿಕ್ ಎಂದು, ತಿರುಗಿ ನಿಂತು ಮತ್ತೆ ತಿರುಗುತ್ತಿದ್ದರೆ ಒಳಗೆ ಓದುವ ಮುಳ್ಳು ದಾರಿ ತಪ್ಪಿದೆ. ಪ್ರತಿ ಪ್ರಯತ್ನವೂ ತಟ್ಟೆಯ ಮೇಲೆ ಗೀರು ಹಾಕಬಹುದು. ಅದರಲ್ಲಿ ಬೇಕಾದ ಫೋಟೊ, ಕಾಗದಪತ್ರ ಇದ್ದರೆ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಫ್ರಿಜ್ಜಿನಲ್ಲಿಡುವ ಉಪಾಯ ಬೇಡ, ಒಳಗೆ ತೇವ ಕಟ್ಟುತ್ತದೆ.

ಸದ್ದಿಲ್ಲದ, ಆದರೆ ಸಾಯುತ್ತಿರುವ ಡಿಸ್ಕು ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್’ ಎಂದು ತೋರಿಸುತ್ತದೆ, ಅಥವಾ ಲೋಗೋದಿಂದ ಮುಂದೆ ಹೋಗಲು ಹತ್ತು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಈಗ ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಡಿಸ್ಕ್ ಪರೀಕ್ಷೆ ಓಡಿಸಬೇಡಿ. ಅದು ದುರಸ್ತಿಯ ಹೆಸರಿನಲ್ಲಿ ಸಾಯುವ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ಮೊದಲು 8 ಜಿಬಿ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಲೈವ್ (ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಮಾಡಿಕೊಂಡು, ಅದರಿಂದ ಬೂಟ್ ಮಾಡಿ, ಮುಖ್ಯವಾದ ಫೋಲ್ಡರುಗಳನ್ನು ಬೇರೆ ಡಿಸ್ಕಿಗೆ ನಕಲಿಸಿ. ಆಮೇಲೆ ಆ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕುವುದೇ ಜಾಣತನ. ಡಿಸ್ಕನ್ನೇ ತೆಗೆದು ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರ ಚೆನ್ನಾಗಿ ಓಡಿದರೆ ಬೋರ್ಡ್, ರ‍್ಯಾಮ್, ಪರದೆ ಎಲ್ಲಕ್ಕೂ ಒಂದೇ ಏಟಿಗೆ ಆರೋಗ್ಯಪತ್ರ ಸಿಕ್ಕಂತೆ.

ವಿಂಡೋಸ್ ಶುರುವಾಗಿ ಸುತ್ತು ಹೊಡೆಯುತ್ತದೆ

ಚುಕ್ಕಿಗಳು ಸುತ್ತುತ್ತಲೇ ಇದ್ದರೆ ಮೊದಲು ಅರ್ಧ ಗಂಟೆ ಕಾಯಿರಿ, ಅಪ್‌ಡೇಟ್ ನಡೆಯುತ್ತಿರಬಹುದು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅದು ಆಮೆಯ ನಡಿಗೆ. ಆಗಲೂ ಮುಂದೆ ಹೋಗದಿದ್ದರೆ ಚುಕ್ಕಿ ಸುತ್ತುವಾಗ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಇದನ್ನು ಎರಡು ಮೂರು ಸಲ ಮಾಡಿದರೆ ವಿಂಡೋಸ್ 10, 11 ತಾವೇ ರಿಪೇರಿ ಪರದೆಗೆ ಹೋಗುತ್ತವೆ. ಅಲ್ಲಿ ಕ್ರಮವಾಗಿ ಸ್ಟಾರ್ಟಪ್ ರಿಪೇರ್, ಕೊನೆಯ ಅಪ್‌ಡೇಟ್ ತೆಗೆಯುವುದು, ಸಿಸ್ಟಮ್ ರಿಸ್ಟೋರ್, ಸೇಫ್ ಮೋಡ್. ವಿಂಡೋಸ್ 7ರಲ್ಲಿ ಆನ್ ಮಾಡುತ್ತಲೇ ಎಫ್8. ‘ರೀಸೆಟ್’ ಕೊನೆಯ ಆಯ್ಕೆ, ಅದೂ ಫೈಲುಗಳ ನಕಲು ಕೈಯಲ್ಲಿದ್ದಾಗ.

ಕೆಲವು ಸೆಕೆಂಡ್ ಅಥವಾ ಕೆಲವು ನಿಮಿಷ ಓಡಿ ಆಫ್ ಆಗುತ್ತದೆ

ಎಷ್ಟು ಹೊತ್ತು ಓಡುತ್ತದೆ ಎಂಬುದರಲ್ಲೇ ಉತ್ತರವಿದೆ. ಒಂದೆರಡು ಸೆಕೆಂಡಿನಲ್ಲಿ ಆಫ್ ಆಗಿ ತಾನೇ ಮತ್ತೆ ಆನ್ ಆದರೆ ರ‍್ಯಾಮ್ ಅಥವಾ ಬೋರ್ಡ್. ಹತ್ತಿಪ್ಪತ್ತು ನಿಮಿಷದ ನಂತರ, ಅದೂ ವಿಡಿಯೊ ನೋಡುವಾಗ ಆರಿದರೆ ಬಿಸಿ. ಹಲವು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪಿದಾಗ ತಮ್ಮನ್ನು ಉಳಿಸಿಕೊಳ್ಳಲು ಯಂತ್ರವನ್ನೇ ಆರಿಸುತ್ತವೆ. ಫ್ಯಾನ್ ತಿರುಗುತ್ತಲೇ ಇಲ್ಲ ಎಂದಾದರೆ ಥಿಂಕ್‌ಪ್ಯಾಡ್‌ನಂಥವು ‘ಫ್ಯಾನ್ ಎರರ್’ ಎಂದು ತೋರಿಸಿ ಶುರುವಿನಲ್ಲೇ ನಿಂತುಬಿಡುತ್ತವೆ.

ಗಾಳಿ ಹೊರಬರುವ ಕಿಂಡಿಗೆ ಕೈ ಹಿಡಿಯಿರಿ. ತಳ ಕಾದಿದ್ದು ಗಾಳಿ ಮಾತ್ರ ಬಾರದಿದ್ದರೆ ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕಟ್ಟಿಕೊಂಡಿದೆ. ಹೊರಗಿನಿಂದ ಊದಿದರೆ ಅದು ಒಳಕ್ಕೆ ಸರಿಯುತ್ತದೆ ಅಷ್ಟೇ. ಫ್ಯಾನ್ ಬಿಚ್ಚಿ ಬ್ರಷ್ಷಿನಿಂದ ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಹುಚ್ಚು ವೇಗಕ್ಕೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹೀಟ್ ಸಿಂಕ್ (ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಭಾಗ) ತೆಗೆಯುವುದಾದರೆ ಅದರ ಸ್ಕ್ರೂಗಳ ಪಕ್ಕ 1, 2, 3, 4 ಎಂದಿರುತ್ತದೆ. ಬಿಗಿಮಾಡುವಾಗ ಅದೇ ಕ್ರಮ, ಸಡಿಲಿಸುವಾಗ ತಿರುವುಮುರುವು. ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಒಣಗಿ ಸುಣ್ಣದಂತಾದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಹಾಕಿದರೆ ಸಾಕು. ತೆಗೆದ ಸ್ಕ್ರೂಗಳನ್ನು ಕಾಗದದ ಮೇಲೆ ಯಂತ್ರದ ಚಿತ್ರ ಬರೆದು ಅದೇ ಜಾಗದಲ್ಲಿ ಅಂಟಿಸಿಡಿ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಗಿಸಿದರೆ ಅದು ಬೋರ್ಡನ್ನೇ ಚುಚ್ಚುತ್ತದೆ.

ರಿಪೇರಿಗೆ ಕೊಡುವಾಗ

ಚಾರ್ಜರ್, ಉಳಿಕೆ ಚಾರ್ಜ್, ರ‍್ಯಾಮ್, ಗುಂಡಿ ಸೆಲ್, ಕನಿಷ್ಠ ಜೋಡಣೆ ಇಷ್ಟೂ ಮುಗಿದು ಯಂತ್ರ ಇನ್ನೂ ಏಳದಿದ್ದರೆ ಬೋರ್ಡಿನ ಸರದಿ. ಕೊಡುವ ಮುಂಚೆ ಡಿಸ್ಕನ್ನು ಕಳಚಿ ಮನೆಯಲ್ಲೇ ಇಟ್ಟುಕೊಳ್ಳಿ. ಆನ್ ಆಗದ ದೋಷ ಹುಡುಕಲು ಅದು ಅವರಿಗೆ ಬೇಕಾಗಿಲ್ಲ. ‘ಆನ್ ಆಗ್ತಿಲ್ಲ’ ಎನ್ನುವ ಬದಲು ಮೊದಲು ಬರೆದಿಟ್ಟ ಚೀಟಿಯನ್ನು ಕೊಡಿ: ಚಾರ್ಜರಿನಲ್ಲಿ 19.4 ವೋಲ್ಟ್ ಬರುತ್ತಿದೆ, ಚಾರ್ಜಿಂಗ್ ದೀಪ ಹೊತ್ತುತ್ತದೆ, ಫ್ಯಾನ್ ಮೂರು ಸೆಕೆಂಡ್ ತಿರುಗಿ ನಿಲ್ಲುತ್ತದೆ, ಎರಡೂ ರ‍್ಯಾಮ್ ಬಿಡಿಬಿಡಿಯಾಗಿ ಹಾಕಿ ನೋಡಿದ್ದಾಗಿದೆ. ಏನೂ ನೋಡದೆ ‘ಬೋರ್ಡ್ ಹೋಗಿದೆ, ಬದಲಿಸಬೇಕು’ ಎಂದರೆ ಬೋರ್ಡಿನ ಯಾವ ಭಾಗ, ಯಾವ ವೋಲ್ಟೇಜ್ ಬರುತ್ತಿಲ್ಲ ಎಂದು ಕೇಳಿ. ಅಳೆದು ನೋಡಿದವರು ಜಾಗ ತೋರಿಸಿ ಹೇಳುತ್ತಾರೆ.